ಬೀಗರಿಲ್ಲದ ದಿನ ಫಾಲ್ಸಿಗೆ

ಗೋಕಾಕದ ಮನೆಗಳಲ್ಲಿ ಕರದಂಟಿಗೂ ಫಾಲ್ಸಿಗೂ ನಿಯಮ ಒಂದೇ. ಎರಡೂ ಬೀಗರಿಗೆ. ಬೆಂಗಳೂರಿಗೆ ಹೊರಟ ಮಗನ ಚೀಲದಲ್ಲಿ, ಸೊಲ್ಲಾಪುರದ ಸೋದರತ್ತೆಗೆ, ಆಫೀಸಿನ ಸಾಹೇಬರಿಗೆ ಎಂದು ಕರದಂಟಿನ ಡಬ್ಬಿಗಳು ಊರು ಬಿಡುತ್ತಲೇ ಇರುತ್ತವೆ. ಅಂಟು, ಕೊಬ್ಬರಿ, ಉತ್ತತ್ತಿ, ಬೆಲ್ಲ ಬೆರೆತ ಆ ತುಂಡು ಮನೆಯವರ ಬಾಯಿಗೆ ಬೀಳುವುದು ತೀರ ಅಪರೂಪ. ಫಾಲ್ಸಿನ ಕಥೆಯೂ ಹಾಗೆಯೇ. ಮುಂಬೈಯಿಂದ ಯಾರಾದರೂ ಬಂದಿಳಿದರೆ ಮರುದಿನ ಬೆಳಿಗ್ಗೆಯೇ ಗಾಡಿ ಗೊತ್ತಾಗುತ್ತದೆ. ಯಾರೂ ಬರದಿದ್ದರೆ ಆರೇಳು ಕಿಲೋಮೀಟರ್ ಆಚೆ ಘಟಪ್ರಭೆ 170 ಅಡಿ ಧುಮುಕುತ್ತಲೇ ಇರುತ್ತಾಳೆ, ನಾವು ಇಲ್ಲಿ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಲೇ ಇರುತ್ತೇವೆ.

ಕೇಳಿದರೆ ಸಿದ್ಧ ಉತ್ತರವಿದೆ: “ಅದೇನ ಎಲ್ಲೆರೆ ಓಡಿ ಹೊಕ್ಕೈತೇನು?” ಓಡಿಹೋಗುವುದಿಲ್ಲ ನಿಜ. ಹುಕ್ಕೇರಿಯ ಗುಮ್ಮಟಗಳೂ ಓಡಿಹೋಗಿಲ್ಲ. ಆದಿಲ್‌ಶಾಹಿ ಕಾಲದ ಆ ಮೂರು ಗುಮ್ಮಟಗಳು 16ನೇ ಶತಮಾನದವು. 1656ರ ಹೊತ್ತಿಗೆ ಮುಗಿದ ವಿಜಯಪುರದ ಗೋಳಗುಮ್ಮಟಕ್ಕಿಂತ ಹಿರಿಯವು. ಆದರೂ ನಮ್ಮ ಭಾಗದ ಶಾಲೆಯ ಟ್ರಿಪ್ಪು, ಮಹಿಳಾ ಮಂಡಳದ ಬಸ್ಸು ಹೋಗುವುದು ವಿಜಯಪುರಕ್ಕೇ. ಹತ್ತಿರವಿದ್ದದ್ದಕ್ಕೆ ದಿನ ಗೊತ್ತು ಮಾಡುವ ಅಗತ್ಯ ಕಾಣುವುದಿಲ್ಲ, ಅದಕ್ಕೇ ಅದರ ದಿನ ಬರುವುದೂ ಇಲ್ಲ.

ಇದು ಬರೀ ಆಲಸ್ಯವಲ್ಲ. ಗಂಡ ಹೆಂಡತಿ ಇಬ್ಬರೇ ಕಾರಣವಿಲ್ಲದೆ ಹೊರಗೆ ಹೋಗುವ ರೂಢಿಯೇ ನಮ್ಮಲ್ಲಿ ಕಡಿಮೆ. ಮದುವೆಗೆ ಹೋಗುತ್ತೇವೆ, ಮಣ್ಣಿಗೆ ಹೋಗುತ್ತೇವೆ, ಹರಕೆ ಇದ್ದರೆ ಎಲ್ಲಮ್ಮನ ಗುಡ್ಡಕ್ಕೆ ಹೋಗುತ್ತೇವೆ. ಇಬ್ಬರೇ ಚಪ್ಪಲಿ ಮೆಟ್ಟಿ ಬಾಗಿಲಿಗೆ ಬೀಗ ಹಾಕುವುದನ್ನು ಕಂಡರೆ ಎದುರುಮನೆಯವರ ಮೊದಲ ಪ್ರಶ್ನೆ, “ಯಾಕ್ರೀ ಅಕ್ಕಾರ, ದವಾಖಾನಿಗೇನ್ರಿ?” ಸುಮ್ಮನೆ ಯೋಗಿಕೊಳ್ಳಕ್ಕೆ ಹೊರಟಿದ್ದೇವೆ ಎಂದರೆ ನಂಬುವುದಿಲ್ಲ. ಅಮಾವಾಸ್ಯೆ ಅಲ್ಲ, ಸೋಮವಾರ ಅಲ್ಲ, ಅಲ್ಲೇನು ಕೆಲಸ? ಗುಡ್ಡದ ಸಂದಿಯಲ್ಲಿ ಹಳ್ಳ ಹರಿಯುತ್ತದೆ, ಮಲ್ಲಿಕಾರ್ಜುನನ ಗುಡಿ ಇದೆ, ಕೂತು ಬರುತ್ತೇವೆ ಎಂದರೆ ನಗುತ್ತಾರೆ. ಮನೆಯಲ್ಲಿ ಏನೋ ಜಗಳವಾಗಿರಬೇಕು ಎಂದುಕೊಳ್ಳುವವರೂ ಉಂಟು.

ಇನ್ನು ಎಲ್ಲರೂ ಕೂಡಿ ಹೋಗುವ ಪ್ರವಾಸದಲ್ಲಿ ಹೆಂಗಸರ ಪಾಲಿಗೆ ಬರುವುದೇನು? ನಸುಕಿನಲ್ಲೇ ಎದ್ದು ರೊಟ್ಟಿ ಬಡಿಯಬೇಕು. ಎಣ್ಣೆಗಾಯಿ ಆಗಬೇಕು, ಶೇಂಗಾ ಹಿಂಡಿ ಕುಟ್ಟಬೇಕು, ಮೊಸರನ್ನ ಹುಳಿಯಾಗದಂತೆ ಕಲಸಬೇಕು. ಗೊಡಚಿನಮಲ್ಕಿಯಲ್ಲಿ ಮಾರ್ಕಂಡೇಯ ಎರಡು ಹಂತವಾಗಿ ಇಳಿಯುವುದನ್ನು ಎಲ್ಲರೂ ನೋಡುವಾಗ ಅವಳು ಬುತ್ತಿಗಂಟಿಗೆ ಮಂಗ ಬರದಂತೆ ಕಾಯುತ್ತಿರುತ್ತಾಳೆ. ಆಮೇಲೆ ಬಡಿಸಬೇಕು, ತಾಟು ತೊಳೆಯಬೇಕು, ಸಣ್ಣ ಹುಡುಗರು ಬಂಡೆಯ ಅಂಚಿಗೆ ಹೋಗದಂತೆ ಕೂಗಬೇಕು. ಅಡುಗೆಮನೆಯೇ ಅವಳ ಬೆನ್ನು ಹತ್ತಿ ಹದಿನೈದು ಕಿಲೋಮೀಟರ್ ಬಂದಿರುತ್ತದೆ. ಮನೆಗೆ ಮರಳಿದ ಮೇಲೆ “ಹ್ಯಾಂಗಿತ್ತು ಫಾಲ್ಸು?” ಎಂದು ಕೇಳಿದರೆ “ಛಲೋ ಇತ್ತು” ಎನ್ನುತ್ತಾಳೆ. ನೋಡಿದ್ದರಲ್ಲವೇ ಹೇಳುವುದು.

ಆದ್ದರಿಂದ ಇಬ್ಬರೇ ಹೋಗುವಾಗ ನನ್ನದೊಂದು ಹಟ: ಬುತ್ತಿ ಕಟ್ಟುವುದಿಲ್ಲ. ದಾರಿಯಲ್ಲಿ ಗಿರಮಿಟ್ಟೋ ಮಿರ್ಚಿಭಜಿಯೋ ಏನಿದೆಯೋ ಅದು. ಇವರಿಗೆ ಮೊದಮೊದಲು ಅದು ಸರಿಬರಲಿಲ್ಲ, “ಹೊಟ್ಟಿ ಕೆಡತೈತಿ” ಎನ್ನುತ್ತಿದ್ದರು. ಈಗ ಮಿರ್ಚಿಯ ಗಾಡಿ ಎಲ್ಲಿ ನಿಂತಿದೆ ಎಂದು ಹುಡುಕುವವರೂ ಅವರೇ.

ಫಾಲ್ಸಿಗೆ ನಾವು ಹೋದದ್ದು ಕಡು ಬೇಸಿಗೆಯಲ್ಲಿ, ಹೊರಗಿನವರಾರೂ ಬಾರದ ಹೊತ್ತಿನಲ್ಲಿ. ಶ್ರಾವಣದ ಕೆಂಪು ನೀರು ಜಗತ್ತಿಗೆಲ್ಲ ಗೊತ್ತು; ಬಂಡೆಯ ಮೈ ಕಾಣುವುದು ಊರವರಿಗೆ ಮಾತ್ರ. ನೀರು ಅಲ್ಲೊಂದು ಇಲ್ಲೊಂದು ಎಳೆಯಾಗಿ ಇಳಿಯುತ್ತಿತ್ತು. ಮಹಾಲಿಂಗೇಶ್ವರ ಗುಡಿಯ ಬಳಿ ನೆರಳಲ್ಲಿ ಕೂತೆವು. ಚಾಲುಕ್ಯರ ಕಾಲದ ಕಲ್ಲು, ಬಿಸಿಲಿನಲ್ಲೂ ತಣ್ಣಗಿತ್ತು. ಆಚೆ 1885ರಲ್ಲಿ ಶುರುವಾದ ನೂಲಿನ ಗಿರಣಿ, ಕೆಳಗೆ ಪವರ್‌ಹೌಸು. 1887ರಲ್ಲಿಯೇ ಇಲ್ಲಿ ನೀರಿನಿಂದ ಕರೆಂಟು ತೆಗೆದರು ಎಂಬುದು ಊರಿನವರೆಲ್ಲ ಎದೆಯುಬ್ಬಿಸಿ ಹೇಳುವ ಮಾತು. ಇವರು ಅದನ್ನು ಹೇಳುತ್ತಾರೆ ಎಂದುಕೊಂಡೆ. ಹೇಳಲಿಲ್ಲ. ತೂಗುಸೇತುವೆಯ ಕಡೆ ಬೆರಳು ಮಾಡಿ, “ಅಪ್ಪಗ ಡಬ್ಬಿ ಕೊಡಾಕ ಇದರ ಮ್ಯಾಲೆ ಹೊಕ್ಕಿದ್ದೆ. ನಡೂಕ ಬಂದಾಗ ಅಳ್ಳಾಡತಿತ್ತು. ಕಣ್ಣ ಮುಚ್ಚಕೊಂಡ ಹೊಕ್ಕಿದ್ದೆ” ಎಂದರು. 201 ಮೀಟರ್ ಉದ್ದದ ಸೇತುವೆ ಅದು. ಕಣ್ಣು ಮುಚ್ಚಿದ ಹುಡುಗ, ಕೈಯಲ್ಲಿ ಬಿಸಿ ಡಬ್ಬಿ. ಮಾವನವರು ಗಿರಣಿಯಲ್ಲಿ ದುಡಿದದ್ದು ನನಗೆ ಗೊತ್ತಿತ್ತು. ಭೋಂಗಾ ಊದಿದ ಕೂಡಲೇ ಮನೆಯಲ್ಲಿ ಒಲೆ ಹೊತ್ತುತ್ತಿದ್ದದ್ದನ್ನು ಅತ್ತೆಯವರ ಬಾಯಲ್ಲೇ ಕೇಳಿದ್ದೆ. ಈ ಹುಡುಗನ ಬಗ್ಗೆ ಮಾತ್ರ ಯಾರೂ ಹೇಳಿರಲಿಲ್ಲ. “ಇಷ್ಟ ದಿನ ಯಾಕ ಹೇಳಲಿಲ್ಲ?” ಎಂದರೆ, “ಮನ್ಯಾಗ ಗ್ಯಾಸು, ಬಿಲ್ಲು, ಹುಡುಗರ ಫೀ. ಇದನ್ನ ಯಾವಾಗ ಹೇಳಲಿ?” ಎಂದರು.

ಅದು ಸರಿಯಾದ ಉತ್ತರ ಎಂದೇ ನನಗೆ ಅನ್ನಿಸಿತು. ಮನೆಯೊಳಗೆ ಗಂಡ ಹೆಂಡತಿಯ ಮಾತೆಲ್ಲ ಮುಂದೆ ಆಗಬೇಕಾದ ಕೆಲಸದ ಮಾತು. ತೀರ ದೂರ ಹೋದರೂ ಅಷ್ಟೇ: ರೂಮು, ರೈಲು, ದರ್ಶನದ ಪಾಳಿ. ನಡುವೆ ಒಂದು ಜಾಗ ಬೇಕು, ಕೆಲಸ ಮುಗಿಸಿಕೊಂಡು ಬರುವಷ್ಟು ಹತ್ತಿರ, ಕೆಲಸ ಕೈಗೆ ಸಿಗದಷ್ಟು ದೂರ.

ಇದನ್ನು ಬರೆಯುವಾಗ ಒಂದು ಅಳುಕು ಇದೆ. ನಮ್ಮದು ಕಬ್ಬಿನ ಸೀಮೆ. ಹಂಗಾಮಿನಲ್ಲಿ ಕಡಿಯಲು ಬರುವ ಗ್ಯಾಂಗುಗಳಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಒಂದು ಕೊಯ್ತಾ ಎಂದು ಲೆಕ್ಕ. ಮುಂಗಡ ಕೊಡುವುದೂ ಹಾಗೆಯೇ, ಜೋಡಿಗೆ. ಅವರು ಹಗಲೆಲ್ಲ ಜೊತೆಗೇ ಇರುತ್ತಾರೆ, ಒಬ್ಬರು ಕಡಿಯುತ್ತ, ಇನ್ನೊಬ್ಬರು ರವದಿ ಸುಲಿದು ಸಿವುಡು ಕಟ್ಟುತ್ತ. ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಕೂತು ಹೊಳೆ ದಾಟುತ್ತಾರೆ, ಇಳಿದು ನೋಡಲು ಪುರಸೊತ್ತಿಲ್ಲ. ಜೊತೆಗಿರುವುದು ಬೇರೆ, ಜೊತೆಗೆ ಬಿಡುವಾಗಿರುವುದು ಬೇರೆ. ಎರಡನೆಯದು ಯಾರಿಗೆ ಸಿಗುತ್ತದೆ ಎಂಬುದರಲ್ಲಿ ಹಣದ ಮಾತೂ ಇದೆ. ಸಿಕ್ಕಿಯೂ ಬಿಟ್ಟವರ ಮೇಲೆ ಅದಕ್ಕೇ ನನಗೆ ಸ್ವಲ್ಪ ಸಿಟ್ಟು.

ಹೊಳೆಯ ವಿಷಯದಲ್ಲಂತೂ ಗೋಕಾಕದವರಿಗೆ ಲೆಕ್ಕ ಚುಕ್ತಾ ಆಗಿದೆ. ನಾವು ನೋಡಲು ಹೋಗದ ಹೊಳೆ 2019ರ ಆಗಸ್ಟಿನಲ್ಲಿ ತಾನೇ ನಮ್ಮನ್ನು ನೋಡಲು ಬಂತು. ಘಟಪ್ರಭೆ, ಮಾರ್ಕಂಡೇಯ ಎರಡೂ ಸೇರಿ ಬಂದವು. ಲೋಳಸೂರ ಪೂಲು ಮುಳುಗಿತು, ಓಣಿಗಳಿಗೆ ನೀರು ನುಗ್ಗಿತು, ಜನ ಗಂಟುಮೂಟೆ ಹೊತ್ತು ಕಾಳಜಿ ಕೇಂದ್ರ ಸೇರಿದರು. ಆಗ ಎಲ್ಲರೂ ಕೇಳಿದ್ದು ಒಂದೇ: ಹಿಡಕಲ್ ಜಲಾಶಯದಿಂದ ಎಷ್ಟು ನೀರು ಬಿಟ್ಟಿದ್ದಾರೆ, ಮಾರ್ಕಂಡೇಯ ಎಲ್ಲಿ ಕೂಡುತ್ತದೆ? ಅಷ್ಟು ವರ್ಷ ಅದರ ದಡದಲ್ಲಿ ಬಾಳಿದವರ ಪ್ರಶ್ನೆಗಳು ಇವು.

ಮೂಡಲಗಿ ಕಡೆ ಹೋದರೆ ಕುಲಗೋಡ ಸಿಗುತ್ತದೆ. ಅಪರಾಳ ತಮ್ಮಣ್ಣ ಬರೆದ ಕೃಷ್ಣ ಪಾರಿಜಾತವನ್ನು ಕುಲಗೋಡ ತಮ್ಮಣ್ಣ ಆಟಕ್ಕೆ ಹೊಂದಿಸಿದ ಊರು. ಅಲ್ಲಿಯೇ ಸಮೀಪದ ಕೌಜಲಗಿಯ ನಿಂಗಮ್ಮ ಅದೇ ಆಟದಿಂದ ನಾಡಿಗೆಲ್ಲ ಹೆಸರಾದರು. ಊರಿನಲ್ಲಿ ನೋಡಲಿಕ್ಕೆ ಏನಿದೆ ಎಂದು ಕೇಳಿದರೆ ಕಟ್ಟಡ ತೋರಿಸಲಾಗದು. ಆದರೆ ರಾತ್ರಿಯೆಲ್ಲ ಊರಿಗೆ ಊರೇ ಕೂತು ನೋಡುತ್ತಿದ್ದದ್ದು ಒಂದು ಮನೆಯ ಜಗಳ: ಇಂದ್ರನ ತೋಟದ ಹೂವು ಬೇಕೆಂದು ಮುನಿಸಿಕೊಂಡ ಹೆಂಡತಿ, ಅವಳನ್ನು ಒಲಿಸಲು ಸುಸ್ತಾಗುವ ಭಗವಂತ. ಪುರಾಣ ಹೇಳುವ ಪ್ರಕಾರ ಅಷ್ಟು ದೂರದಿಂದ ತಂದು ಭಾಮೆಯ ಅಂಗಳದಲ್ಲಿ ನೆಟ್ಟ ಗಿಡ ಹೂ ಉದುರಿಸಿದ್ದು ಪಕ್ಕದ ರುಕ್ಮಿಣಿಯ ಅಂಗಳದಲ್ಲಿ. ಸ್ವರ್ಗದಿಂದ ತಂದದ್ದರ ಗತಿ ಇದು. ಭಾಮೆಯನ್ನು ಒಂದು ಸಂಜೆ ಹೊಳೆದಂಡೆಗೆ ಕರೆದುಕೊಂಡು ಹೋಗಿದ್ದರೆ ಆಟವೇ ಇರುತ್ತಿರಲಿಲ್ಲ, ಅದೂ ನಿಜ.

ಒಂದು ಮಾತು ಬಿಡುವ ಹಾಗಿಲ್ಲ. ನಮ್ಮಂಥ ನರೆಗೂದಲಿನವರು ಬಂಡೆಯ ಮೇಲೆ ಕೂತರೆ ಯಾರೂ ಏನೂ ಅನ್ನುವುದಿಲ್ಲ. ಹೊಸದಾಗಿ ಮದುವೆಯಾದ ಹುಡುಗ ಹುಡುಗಿ ಕೂತರೆ ನಾಲ್ಕು ಕಣ್ಣು ತಾಳಿ ಹುಡುಕುತ್ತವೆ, ಇನ್ನಾರೋ ಮೊಬೈಲು ಎತ್ತುತ್ತಾರೆ. ಹೆಂಗಸರಾದರೋ ಹೊರಡುವ ಮೊದಲೇ ನೀರು ಕುಡಿಯಬೇಕೋ ಬೇಡವೋ ಎಂದು ಯೋಚಿಸುತ್ತಾರೆ, ದಾರಿಯಲ್ಲಿ ಹೋಗಲು ಜಾಗವಿರುತ್ತದೋ ಇಲ್ಲವೋ ಎಂದು. ಪ್ರವಾಸಿ ತಾಣದ ಅಭಿವೃದ್ಧಿ ಎಂದರೆ ಕಮಾನು, ಬಣ್ಣದ ದೀಪ ಎಂದುಕೊಂಡವರು ಅಲ್ಲಿಂದ ಶುರುಮಾಡಬಹುದು.

ಈ ವರ್ಷ ನನ್ನ ಮನಸ್ಸಿನಲ್ಲಿದ್ದದ್ದು ಹುನ್ನೂರಿನ ವಿಠ್ಠಲ. 1977ರಲ್ಲಿ ಹಿಡಕಲ್ ಜಲಾಶಯ ತುಂಬಿದಂದಿನಿಂದ ಆ ಗುಡಿ ವರ್ಷದ ಬಹುಪಾಲು ನೀರಿನೊಳಗೇ ಇರುತ್ತದೆ, ನೀರು ಇಳಿದ ಬೇಸಿಗೆಯಲ್ಲಷ್ಟೇ ಮೈದೋರುತ್ತದೆ. ಹುಕ್ಕೇರಿಯಲ್ಲಿರುವ ಇವರ ಗೆಳೆಯರಿಗೆ ಫೋನು ಮಾಡಿ ನೀರು ಎಲ್ಲಿಗೆ ಇಳಿದಿದೆ ಎಂದು ಕೇಳಿದೆವು. “ಇನ್ನೂ ಶಿಖರ ಅಷ್ಟ ಕಾಣತೈತ್ರಿ ವೈನಿ, ಒಳಗ ಹೋಗಾಕ ಬರೂದಿಲ್ಲ. ಹದಿನೈದ ದಿನ ಬಿಟ್ಟ ಬರ್ರಿ.”

“ಹಂಗಾರ ಈ ಐತವಾರ?” ಎಂದು ಇವರು ನನ್ನ ಮುಖ ನೋಡಿದರು.

“ಗುಮ್ಮಟ ನೋಡೂಣು. ಅಣ್ಣಾರಿಗೆ ಹೇಳ್ರಿ, ಊಟಕ್ಕ ಏನೂ ಮಾಡಿಸಬ್ಯಾಡ್ರಿ ಅಂತ.”