🪷 *ಇಂದಿನ ಚಿಂತನೆ: ಅಗ್ಗದ ಉಣ್ಣೆಗೆ ಉಳಿದ ಬೆಲೆ ಕೊಡುವವರು ಯಾರು?*

 

ನಸುಕಿನಲ್ಲಿ ಸೈಕಲ್ ತುಳಿಯುವ ನಮ್ಮ ಬಳಗದ ಕೆಲವರು ಚಳಿಗಾಲ ಬಂದಾಗಲೆಲ್ಲ ಒಂದು ಮಾತು ಕೇಳುತ್ತಾರೆ. ಮೆರಿನೊ ಉಣ್ಣೆಯ ಸ್ವೆಟರ್ ಅಗ್ಗವಾಗಿ ಸಿಕ್ಕರೆ ಕೊಳ್ಳಬಹುದೇ? ಉಣ್ಣೆಗಾಗಿ ಕುರಿಯನ್ನು ಕೊಲ್ಲಬೇಕಾಗಿಲ್ಲವಲ್ಲ, ಇದರಲ್ಲಿ ಹಿಂಸೆ ಎಲ್ಲಿ ಬಂತು? ಕೇಳಲು ಸಣ್ಣ ಪ್ರಶ್ನೆ. ಇದರೊಳಗೆ ಇನ್ನೊಂದು ಪ್ರಶ್ನೆ ಇದೆ: ನಾವು ಕಡಿಮೆ ಬೆಲೆ ಕೊಟ್ಟು ಒಂದನ್ನು ತಂದಾಗ, ಉಳಿದ ಬೆಲೆಯನ್ನು ಯಾರು ಕೊಡುತ್ತಾರೆ?

ಮೊದಲು ಉಣ್ಣೆಯ ಗುಣ ನೋಡೋಣ. ನಂದಿ ಬೆಟ್ಟ ಹತ್ತುವಾಗ ಮೈಯೆಲ್ಲ ಬೆವರು, ಇಳಿಯುವಾಗ ಅದೇ ಬೆವರಿನ ಮೇಲೆ ತಣ್ಣನೆಯ ಗಾಳಿ. ಹತ್ತಿಯ ಅಂಗಿ ಒದ್ದೆಯಾಗಿ ಎದೆಗೆ ಅಂಟಿಕೊಂಡು ನಡುಕ ಹುಟ್ಟಿಸುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಶೇ. 30ರಷ್ಟು ತೇವವನ್ನು ಹೀರಿಕೊಂಡರೂ ಒದ್ದೆ ಎನಿಸುವುದಿಲ್ಲ. ಮೆರಿನೊ ಎಳೆಯ ದಪ್ಪ ಸಾಮಾನ್ಯವಾಗಿ 24 ಮೈಕ್ರಾನ್‌ಗಿಂತ ಕಡಿಮೆ, ಹಾಗಾಗಿ ಮೈಗೆ ಚುಚ್ಚುವುದೂ ಇಲ್ಲ. ಸೈಕಲ್ ಸವಾರರು ಇದನ್ನು ಬಯಸುವುದಕ್ಕೆ ಸರಿಯಾದ ಕಾರಣವೇ ಇದೆ. ಚಳಿಯಿಂದ ಮೈ ಕಾಯುವುದು ಬಟ್ಟೆಯ ನ್ಯಾಯವಾದ ಕೆಲಸ.

ಇನ್ನು ಕುರಿಯ ಕಡೆ ನೋಡೋಣ. ಹೆಚ್ಚು ಉಣ್ಣೆ ಬರಲೆಂದು ಮನುಷ್ಯ ತಲೆಮಾರುಗಳಿಂದ ಆರಿಸಿ ಬೆಳೆಸಿದ ತಳಿ ಮೆರಿನೊ. ಅದರ ಉಣ್ಣೆ ತಾನಾಗಿ ಉದುರುವುದಿಲ್ಲ, ಕತ್ತರಿಸದೆ ಬಿಟ್ಟರೆ ಆ ಪ್ರಾಣಿಗೇ ಕಷ್ಟ. ಅದರ ಚರ್ಮದಲ್ಲಿ ಸುಕ್ಕುಗಳು ಹೆಚ್ಚು. ಬಾಲದ ಸುತ್ತಲಿನ ತೇವದ ಸುಕ್ಕುಗಳಲ್ಲಿ ನೊಣ ಮೊಟ್ಟೆಯಿಟ್ಟರೆ, ಹುಳುಗಳು ಜೀವಂತ ಕುರಿಯ ಮಾಂಸವನ್ನೇ ತಿನ್ನುತ್ತವೆ. ಇದನ್ನು ತಡೆಯಲು ಆಸ್ಟ್ರೇಲಿಯದ ಅನೇಕ ಮಂದೆಗಳಲ್ಲಿ ಮರಿಗಳ ಹಿಂಭಾಗದ ಚರ್ಮವನ್ನು ಪಟ್ಟಿಯಾಗಿ ಕತ್ತರಿಸಿ ತೆಗೆಯುತ್ತಾರೆ. ಇದಕ್ಕೆ ಮ್ಯೂಲ್ಸಿಂಗ್ ಎಂದು ಹೆಸರು. ನ್ಯೂಜಿಲೆಂಡ್ 2018ರಲ್ಲಿ ಇದನ್ನು ನಿಷೇಧಿಸಿತು. ಕುರಿಗಾರನನ್ನು ಕ್ರೂರಿ ಎಂದುಬಿಡುವುದು ಸುಲಭ. ಅವನು ಇನ್ನೂ ಕ್ರೂರವಾದ ಸಾವನ್ನು ತಪ್ಪಿಸಲು ಹೊರಟವನು. ಸುಕ್ಕು ಕಡಿಮೆಯಿರುವ ಕುರಿಗಳನ್ನು ಬೆಳೆಸುವುದು, ಮತ್ತೆ ಮತ್ತೆ ಹಿಂಭಾಗದ ಉಣ್ಣೆ ಕತ್ತರಿಸುವುದು, ದಿನವೂ ಮಂದೆಯನ್ನು ನೋಡಿಕೊಳ್ಳುವುದು ಬೇರೆ ದಾರಿಗಳು. ಅವಕ್ಕೆ ಸಮಯ ಬೇಕು, ಆಳು ಬೇಕು, ಹಣ ಬೇಕು. ನಮಗೆ ಸಿಕ್ಕ ಅಗ್ಗದಲ್ಲಿ ಆ ಹಣ ಇಲ್ಲದಿದ್ದರೆ, ಅದನ್ನು ಮರಿಯ ಮೈಯಿಂದ ತೆಗೆದಂತೆ ಆಯಿತು.

ಚಳ್ಳಕೆರೆ ಕಡೆಯ ಕಂಬಳಿಯನ್ನು ನೆನೆಯಿರಿ. ಒರಟು, ಮೈಗೆ ಚುಚ್ಚುತ್ತದೆ, ನಿಜ. ಆದರೆ ಅದನ್ನು ಹೊದ್ದ ಕುರುಬನಿಗೆ ತನ್ನ ಕುರಿ ಕಣ್ಣೆದುರಿಗೇ ಇತ್ತು. ಅದು ಕುಂಟಿದರೆ ಅವನಿಗೆ ತಿಳಿಯುತ್ತಿತ್ತು. ನಮ್ಮ ಕುರಿ ಸಮುದ್ರದ ಆಚೆ ಇದೆ. ಕಾಣದ ನೋವನ್ನು ಇಲ್ಲ ಎಂದುಕೊಳ್ಳುವುದು ಮನಸ್ಸಿಗೆ ಬಹಳ ಸುಲಭ.

ಹಾಗಾದರೆ ಕೊಳ್ಳಲೇಬಾರದೇ? ಹಾಗೇನಿಲ್ಲ. ಹೊಸದು ಕೊಳ್ಳುವುದಾದರೆ ಮ್ಯೂಲ್ಸಿಂಗ್ ಮಾಡದ ಮಂದೆಯ ಉಣ್ಣೆಯೇ ಎಂದು ಕೇಳಿ ಕೊಳ್ಳಬಹುದು. ಅದು ಅಗ್ಗವಿರಲಾರದು. ಅಗ್ಗವೇ ಬೇಕಾದರೆ ಯಾರೋ ತೊಟ್ಟು ಬಿಟ್ಟದ್ದನ್ನು ಹುಡುಕಬಹುದು. ಬ್ರಿಟನ್, ಅಮೆರಿಕಗಳಲ್ಲಿ ದಾನದ ಅಂಗಡಿಗಳಿಂದ ಹಳೆಯ ಮೆರಿನೊ ಸ್ವೆಟರ್ ತಂದು ಸೈಕಲ್‌ಗೆ ತೊಡುವವರಿದ್ದಾರೆ. ಅಲ್ಲಿರುವ ನಮ್ಮವರನ್ನು ಕೇಳಿದರೆ ಬರುವಾಗ ಒಂದನ್ನು ತಂದಾರು. ಅದಕ್ಕಾಗಿ ಇನ್ನೊಂದು ಮರಿ ಕತ್ತರಿಯ ಕೆಳಗೆ ಹೋಗಬೇಕಾಗಿಲ್ಲ. ಒಂದು ಎಚ್ಚರ: ಪೇಟೆಯಲ್ಲಿ ಉಲ್ಲನ್ ಎಂದು ಮಾರುವ ಎಷ್ಟೋ ಸ್ವೆಟರ್‌ಗಳು ಅಕ್ರಿಲಿಕ್. ಒಂದು ಸಣ್ಣ ಎಳೆಯನ್ನು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಪುಡಿಯಾದರೆ ಉಣ್ಣೆ, ಕರಗಿ ಗಟ್ಟಿ ಮಣಿಯಾದರೆ ಪ್ಲಾಸ್ಟಿಕ್ಕಿನ ಬಂಧು.

ಇಲ್ಲಿಗೆ ಲೆಕ್ಕ ಮುಗಿಯಿತು ಎನ್ನುವಂತಿಲ್ಲ. ಆ ಸ್ವೆಟರನ್ನು ಒಗೆಯುವವರು ಯಾರು?

ವಿನಯ ಪಿಟಕದಲ್ಲಿ ಉಣ್ಣೆ ಒಗೆಯುವುದರ ಬಗ್ಗೆಯೇ ಒಂದು ನಿಯಮವಿದೆ. ಕೆಲವು ಭಿಕ್ಷುಗಳು ತಮ್ಮ ಉಣ್ಣೆಯನ್ನು ಒಗೆಯಲು, ಬಣ್ಣ ಹಾಕಲು, ಹಿಂಜಲು ಭಿಕ್ಷುಣಿಯರಿಗೆ ಒಪ್ಪಿಸುತ್ತಿದ್ದರು. ಆ ಕೆಲಸದಲ್ಲಿ ಅವರ ಅಧ್ಯಯನ, ಸಾಧನೆಗಳೇ ಹಿಂದೆ ಬಿದ್ದವು. ಮಹಾಪ್ರಜಾಪತಿ ಗೌತಮಿಯಿಂದ ಬುದ್ಧನಿಗೆ ಇದು ತಿಳಿಯಿತು. ಸಂಬಂಧಿಯಲ್ಲದ ಭಿಕ್ಷುಣಿಯಿಂದ ಭಿಕ್ಷು ಉಣ್ಣೆ ಒಗೆಸಬಾರದು ಎಂಬ ನಿಯಮ ಹಾಗೆ ಬಂತು. ಸಂಬಂಧಿಗಳಾದರೆ ಆಗಬಹುದಲ್ಲ ಎಂದು ಯಾರಾದರೂ ಕೇಳಬಹುದು. ನಿಯಮದಲ್ಲಿ ಆ ವಿನಾಯಿತಿ ಇದೆ, ನಿಯಮದ ಹಿಂದಿನ ಕಾರಣದಲ್ಲಿ ಇಲ್ಲ. ಭಾನುವಾರ ನಾವು ಬೆಟ್ಟ ಹತ್ತಿ ಬಂದು ಕಾಫಿ ಕುಡಿಯುವಾಗ, ನಮ್ಮ ಬೆವರಿನ ಉಣ್ಣೆಯನ್ನು ಹೆಂಡತಿಯೋ ತಾಯಿಯೋ ಮನೆಕೆಲಸದವರೋ ತಿಕ್ಕುತ್ತಿದ್ದರೆ, ನಮ್ಮ ಹವ್ಯಾಸದ ಬೆಲೆಯನ್ನು ಅವರು ತಮ್ಮ ಬಿಡುವಿನಿಂದ ಕೊಡುತ್ತಿದ್ದಾರೆ.

ನಾವೇ ಒಗೆಯುವುದು ಕಷ್ಟವೂ ಅಲ್ಲ. ಪ್ರತಿ ಸವಾರಿಗೂ ಬೇಕಿಲ್ಲ, ನೆರಳಿನ ಗಾಳಿಗೆ ಹರಡಿದರೆ ವಾಸನೆ ಬಹುಮಟ್ಟಿಗೆ ಹೋಗುತ್ತದೆ. ಒಗೆಯುವಾಗ ತಣ್ಣೀರು, ಅಂಟುವಾಳದ ನೊರೆ ಅಥವಾ ಉಣ್ಣೆಗೆಂದೇ ಇರುವ ಸೌಮ್ಯ ದ್ರಾವಣ ಸಾಕು. ಉಣ್ಣೆಯ ಎಳೆಯ ಮೇಲೆ ಸಣ್ಣ ಸಣ್ಣ ಹೊರಪೆಗಳಿರುತ್ತವೆ. ಬಿಸಿನೀರು, ಕ್ಷಾರದ ಸೋಪು, ತಿಕ್ಕಾಟ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು, ದೊಡ್ಡವರ ಸ್ವೆಟರ್ ಮಗುವಿನ ಅಳತೆಗೆ ಇಳಿಯುತ್ತದೆ. ಆದ್ದರಿಂದ ಮೆಲ್ಲಗೆ ಅದುಮಿ, ಹಿಂಡಬೇಡಿ. ಟವೆಲಿನಲ್ಲಿ ಸುತ್ತಿ ನೀರು ತೆಗೆದು, ನೆರಳಿನಲ್ಲಿ ಮಲಗಿಸಿ ಒಣಗಿಸಿ. ನೇತುಹಾಕಿದರೆ ತನ್ನ ಭಾರಕ್ಕೆ ತಾನೇ ಜಗ್ಗುತ್ತದೆ. ಎತ್ತಿಡುವ ಮುನ್ನ ಬೆವರು ಪೂರ್ತಿ ಹೋಗಿರಲಿ. ಕೊಳೆ ಉಳಿದ ಉಣ್ಣೆಯನ್ನೇ ನುಸಿಯ ಮರಿಗಳು ಹುಡುಕಿ ಬರುತ್ತವೆ. ಶುಚಿಯಾಗಿಟ್ಟರೆ ಮುಂದೆ ಅವನ್ನು ಕೊಲ್ಲುವ ಪ್ರಸಂಗವೂ ಕಡಿಮೆ.

ನೂರಿನ್ನೂರು ರೂಪಾಯಿಯ ಹಳೆಯ ಸ್ವೆಟರಿಗೆ ಇಷ್ಟೆಲ್ಲ ಏಕೆ, ಹಾಳಾದರೆ ಇನ್ನೊಂದು ತಂದರಾಯಿತು ಎನ್ನಿಸೀತು. ಅಗ್ಗದ ಅಪಾಯ ಇರುವುದು ಇಲ್ಲೇ. ಚೀಟಿಯ ಮೇಲಿನ ಬೆಲೆ ಇಳಿದಂತೆ ನಮ್ಮ ಗಮನವೂ ಇಳಿಯುತ್ತದೆ. ಕುರಿಯ ಮಟ್ಟಿಗೆ ಮಾತ್ರ ಆ ಉಣ್ಣೆ ಅಷ್ಟೇ ಬೆಲೆಯದು. ಅದೇ ವಿನಯದಲ್ಲಿ ಇನ್ನೊಂದು ನಿಯಮವಿದೆ: ಹೊಸ ಹಾಸು ಮಾಡಿಸಿಕೊಂಡ ಭಿಕ್ಷು ಅದನ್ನು 6 ವರ್ಷ ಇಟ್ಟುಕೊಳ್ಳಬೇಕು. ಕಾಯಿಲೆಯಂಥ ಕಾರಣಕ್ಕೆ ಸಂಘ ಒಪ್ಪಿದರೆ ಮಾತ್ರ ಬೇರೆ. ಅಗ್ಗದ ಸ್ವೆಟರಿಗೂ ನಾವು ಅಷ್ಟು ಆಯುಸ್ಸು ಕೊಡಬಹುದು.

*ಇಂದಿನ ಅಭ್ಯಾಸ:* ನಿಮ್ಮ ಬೀರುವಿನಿಂದ ಒಂದೇ ಒಂದು ಉಡುಪನ್ನು ತೆಗೆದುಕೊಳ್ಳಿ. ಅದಕ್ಕಾಗಿ ದುಡಿದ ಪ್ರಾಣಿ, ಗಿಡ, ಕೈಗಳನ್ನು ಒಮ್ಮೆ ನೆನೆಯಿರಿ. ನಂತರ ಅದನ್ನು ನೀವೇ ಒಗೆಯಿರಿ.

ಎಲ್ಲ ಜೀವಿಗಳಿಗೂ ಒಳಿತಾಗಲಿ 🙏🪷