ರನ್‌ಬುಕ್‌ನಲ್ಲಿ ಒಂದು ಸಾಲು ಇದ್ದಿದ್ದರೆ

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಯಾರಾದರೂ ರಾಜೀನಾಮೆ ಕೊಟ್ಟರೆ ಮೊದಲು ಕೇಳಿಬರುವ ಪ್ರಶ್ನೆ, ‘ಕೆಟಿ (ನಾಲೆಡ್ಜ್ ಟ್ರಾನ್ಸ್‌ಫರ್, ಅಂದರೆ ಕೆಲಸದ ತಿಳಿವಳಿಕೆಯ ಹಸ್ತಾಂತರ) ಯಾವಾಗ?’ ನೋಟಿಸ್ ಪೀರಿಯಡ್‌ನ ಕೊನೆಯ ವಾರಗಳಲ್ಲಿ ಹೊರಡುವವರು ಸ್ಕ್ರೀನ್ ಶೇರ್ ಮಾಡಿ ಗಂಟೆಗಟ್ಟಲೆ ವಿವರಿಸುತ್ತಾರೆ. ಉಳಿಯುವವರು ತಲೆಯಾಡಿಸುತ್ತಾರೆ. ಎಲ್ಲವೂ ರೆಕಾರ್ಡ್ ಆಗುತ್ತದೆ, ಆದರೆ ಆ ರೆಕಾರ್ಡಿಂಗ್ ತೆರೆದು ನೋಡುವವರು ಅಪರೂಪ. ವರ್ಷಗಟ್ಟಲೆ ಎರಡೆರಡು ಸಾಲಾಗಿ ಬರೆದಿಡಬೇಕಾದದ್ದನ್ನು ಕೊನೆಯ ವಾರಕ್ಕೆ ತುರುಕಿದರೆ ಅದು ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆಯೇ. ಗಾದೆಯ ಆ ಮನುಷ್ಯ ಸೋಮಾರಿಯೇನಲ್ಲ, ಬೆವರು ಸುರಿಸಿ ಅಗೆಯುತ್ತಿದ್ದಾನೆ. ಹೊತ್ತು ಮಾತ್ರ ಮೀರಿದೆ.

ಸಾಫ್ಟ್‌ವೇರ್ ಕೋಡ್ ಇಟ್ಟುಕೊಳ್ಳುವ ಸೇವೆ ಕೊಡುವ ಗಿಟ್‌ಲ್ಯಾಬ್ ಕಂಪನಿಗೆ, ಬರೆದಿಡದಿದ್ದರೆ ಏನಾಗುತ್ತದೆ ಎಂಬುದು ಬಹಿರಂಗವಾಗಿಯೇ ಅನುಭವಕ್ಕೆ ಬಂತು. 2017ರ ಜನವರಿ 31ರ ರಾತ್ರಿ ಅಲ್ಲಿನ ಎಂಜಿನಿಯರ್ ಒಬ್ಬರು ಮುಖ್ಯ ಡೇಟಾಬೇಸಿನಿಂದ ಎರಡನೇ ಸರ್ವರ್‌ಗೆ ಹೊಸ ಪ್ರತಿ ತೆಗೆಯಲು ಯತ್ನಿಸುತ್ತಿದ್ದರು. ಕಮಾಂಡ್ ಕೊಟ್ಟರೆ ಪರದೆ ಸುಮ್ಮನೆ ನಿಂತುಬಿಟ್ಟಿತು. ಎರರ್ ಇಲ್ಲ, ಮುಂದಕ್ಕೂ ಹೋಗದು. ಎರಡನೇ ಸರ್ವರ್‌ನ ಡೈರೆಕ್ಟರಿಯಲ್ಲಿರುವ ಹಳೆಯ ಫೈಲುಗಳು ಅಡ್ಡ ಬಂದಿರಬೇಕೆಂದು ಎಣಿಸಿ ಅವನ್ನು ಅಳಿಸಲು ಹೊರಟರು. ಅಳಿಸುವ ಕಮಾಂಡ್ ಓಡಿದ್ದು ಮುಖ್ಯ ಸರ್ವರ್‌ನಲ್ಲಿ. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ತಡೆದರೂ ಸುಮಾರು 300 ಜಿಬಿ ಹೋಗಿಬಿಟ್ಟಿತ್ತು.

ಮುಖ್ಯ ಸರ್ವರ್ ಡೇಟಾ ಕಳಿಸಲು ಶುರುಮಾಡುವವರೆಗೆ ಪ್ರತಿ ತೆಗೆಯುವ ಆ ಮೊದಲ ಕಮಾಂಡ್ ಮೌನವಾಗಿ ಕಾಯುವುದು ಮಾಮೂಲಿ. ಆ ಹೊತ್ತಿನಲ್ಲಿ ಅಲ್ಲಿರದ ಇನ್ನೊಬ್ಬ ಎಂಜಿನಿಯರ್‌ಗೆ ಅದು ಗೊತ್ತಿತ್ತು. ತಂಡದ ರನ್‌ಬುಕ್‌ನಲ್ಲಿ, ಅಂದರೆ ಕೆಲಸದ ಹೆಜ್ಜೆಗಳನ್ನು ಬರೆದಿಡುವ ಕೈಪಿಡಿಯಲ್ಲಿ ಮಾತ್ರ ಸ್ಪಷ್ಟವಾಗಿ ಬರೆದಿರಲಿಲ್ಲ.

ಬ್ಯಾಕಪ್ ನೋಡಹೋದರೆ ಅಲ್ಲೂ ಖಾಲಿ. ಡೇಟಾಬೇಸ್ 9.6ನೇ ಆವೃತ್ತಿಗೆ ಬಂದಿದ್ದರೂ ಬ್ಯಾಕಪ್ ಸಾಧನ 9.2ರಲ್ಲೇ ಓಡಿ ವಿಫಲವಾಗುತ್ತಿತ್ತು. ಅದನ್ನು ತಿಳಿಸುವ ಇಮೇಲ್‌ಗಳು ತಿರಸ್ಕೃತವಾಗಿ ಯಾರಿಗೂ ತಲುಪುತ್ತಿರಲಿಲ್ಲ. ಬ್ಯಾಕಪ್ ಪರೀಕ್ಷಿಸುವುದು ಯಾರ ಹೊಣೆ ಎಂಬುದೇ ನಿಗದಿಯಾಗಿರಲಿಲ್ಲವೆಂದು ಕಂಪನಿಯ ವರದಿಯೇ ಒಪ್ಪಿಕೊಂಡಿತು. ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ ಪುಣ್ಯಕ್ಕೆ ಕೈಹಿಡಿಯಿತು. ಹಾಗಿದ್ದೂ ಸುಮಾರು 5,000 ಪ್ರಾಜೆಕ್ಟುಗಳಿಗೆ ಪೆಟ್ಟು ಬಿತ್ತು, 700ರಷ್ಟು ಹೊಸ ಖಾತೆಗಳು ಕಳೆದುಹೋದವು.

ಇಲ್ಲಿ ಕಮಾಂಡ್ ಕೊಟ್ಟವರನ್ನು ದೂರುವುದು ಸುಲಭ. ‘ನನಗೆ ಗೊತ್ತಲ್ಲ, ಸಾಕು’ ಎನ್ನುವ ಅಭ್ಯಾಸವನ್ನು ಯಾರೂ ದೂರುವುದಿಲ್ಲ. ನಮ್ಮ ಆಫೀಸುಗಳಲ್ಲೂ ಅರ್ಧ ಮಾಹಿತಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಕಾಲು ಭಾಗ ಯಾರದೋ ಲ್ಯಾಪ್‌ಟಾಪಿನಲ್ಲಿ, ಉಳಿದದ್ದು ಮೇಲ್‌ನಲ್ಲಿ ‘ಫೈನಲ್’, ‘ಫೈನಲ್ 2’, ‘ಲೇಟೆಸ್ಟ್ ಫೈನಲ್’ ಹೆಸರಿನ ಮೂರು ಫೈಲುಗಳಲ್ಲಿ. ಹೊಸದಾಗಿ ಸೇರಿದ ಹುಡುಗಿ ಯಾವುದನ್ನು ನಂಬಬೇಕು? ಕೇಳೋಣವೆಂದರೆ ಸೀನಿಯರ್ ಮೀಟಿಂಗ್‌ನಲ್ಲಿರುತ್ತಾರೆ. ಬರೆದಿಟ್ಟ ಪುಟವೇ ಇಲ್ಲದಿದ್ದರೆ ಆಕೆ ಹೇಗೋ ಕಾದು ಕೇಳಿಯಾಳು. ಎರಡು ವರ್ಷ ಹಳೆಯ ಪುಟ ಸಿಕ್ಕರೆ ಕೇಳದೆ ಅದರಂತೆಯೇ ಮಾಡಿಬಿಡುತ್ತಾಳೆ. ಅಪಾಯ ಹೆಚ್ಚಿರುವುದು ಅಲ್ಲಿ.

ಬರೆಯಲು ಸಮಯವಿಲ್ಲ ಎನ್ನುವವರು ಒಂದೇ ಉತ್ತರವನ್ನು ಚಾಟ್‌ನಲ್ಲಿ ಮತ್ತೆ ಮತ್ತೆ ಟೈಪ್ ಮಾಡುತ್ತಿರುತ್ತಾರೆ. ಅದನ್ನೇ ಪುಟಕ್ಕೆ ಸೇರಿಸಿ ಲಿಂಕ್ ಕಳಿಸಿದರೆ ಅರ್ಧ ಕೆಲಸ ಮುಗಿಯಿತು. ಕಾನ್‌ಫ್ಲುಯೆನ್ಸ್ ಆಗಲಿ, ನೋಷನ್ ಆಗಲಿ, ಗೂಗಲ್ ಡ್ರೈವ್ ಆಗಲಿ, ಜಾಗ ಒಂದೇ ಇರಲಿ. ಬೇರೆಡೆ ಪ್ರತಿ ಬೇಡ, ಲಿಂಕ್ ಸಾಕು. ಗಿಟ್‌ಲ್ಯಾಬ್‌ನಲ್ಲೇ ಒಂದು ಪದ್ಧತಿ ಇದೆ: ನಿಯಮ ಬದಲಾದರೆ ಮೊದಲು ಕೈಪಿಡಿ ತಿದ್ದಬೇಕು, ಪ್ರಕಟಣೆ ಆಮೇಲೆ. ಪ್ರತಿ ಪುಟದ ತಲೆಯಲ್ಲಿ ನೋಡಿಕೊಳ್ಳುವವರ ಹೆಸರು, ಕೊನೆಯ ಸಲ ಪರಿಶೀಲಿಸಿದ ದಿನಾಂಕ ಇರಲಿ. ಹೊಸಬರು ಪುಟ ನೋಡಿಕೊಂಡು ಕೆಲಸ ಮಾಡುವಾಗ ಎಲ್ಲಿ ತಡವರಿಸುತ್ತಾರೋ ಅಲ್ಲಿ ಅವರ ಕೈಯಲ್ಲೇ ತಿದ್ದಿಸಬೇಕು. ಹಳಬರ ಕಣ್ಣಿಗೆ ಆ ತೊಡಕು ಕಾಣುವುದೇ ಇಲ್ಲ.

ಹೀಗೆ ದಿನಾಂಕ ಹಾಕಿ ಮಾಹಿತಿಯನ್ನು ಪರಿಷ್ಕರಿಸುವ ಶಿಸ್ತು ವಿಮಾನಯಾನದಲ್ಲಿ ಹಳೆಯದು. ವಾಯುಮಾರ್ಗ, ರನ್‌ವೇಗಳ ಪ್ರಮುಖ ಬದಲಾವಣೆಗಳು ಏರಾಕ್ ಎಂಬ 28 ದಿನಗಳ ಚಕ್ರದಲ್ಲಿ, ಮೊದಲೇ ಗೊತ್ತುಮಾಡಿದ ದಿನಾಂಕದಂದು ಜಗತ್ತಿನಾದ್ಯಂತ ಜಾರಿಗೆ ಬರುತ್ತವೆ. ಅವಧಿ ಮುಗಿದ ಚಾರ್ಟನ್ನು ಪೈಲಟ್‌ಗಳು ನೆಚ್ಚುವುದಿಲ್ಲ. ಆಫೀಸಿನ ತಂಡಕ್ಕೆ ಅಷ್ಟು ಬಿಗಿ ಬೇಕಿಲ್ಲ. ತಿಂಗಳಿಗೊಂದು ಶುಕ್ರವಾರದ ಮಧ್ಯಾಹ್ನವನ್ನು ಕ್ಯಾಲೆಂಡರ್‌ನಲ್ಲಿ ಕಾಯ್ದಿರಿಸಿ, ದಿನಾಂಕ ಮೀರಿದ ಪುಟಗಳನ್ನು ಎಲ್ಲರೂ ಹಂಚಿಕೊಂಡು ತೆರೆದು, ತಪ್ಪಿದ್ದನ್ನು ತಿದ್ದಿ, ಯಾರಿಗೂ ಬೇಡದ್ದನ್ನು ಆರ್ಕೈವ್‌ಗೆ ಸರಿಸಿದರೂ ಆದೀತು.