ಶಾಲು ಯಾರ ಹೆಗಲಿಗೆ

ನಮ್ಮ ಕಡೆ ಒಬ್ಬರಿಗೆ ಸನ್ಮಾನ ಮಾಡುವುದು ಎಂದರೆ ಪೂಜೆಯೇ. ಬೇಕಾದರೆ ಕ್ರಮ ನೋಡಿ. ಕುರ್ಚಿ ಹಾಕಿ ಕೂರಿಸುತ್ತೇವೆ, ಅದು ಆಸನ. ಶಾಲು ಹೊದಿಸುತ್ತೇವೆ, ಅದು ವಸ್ತ್ರ. ಗಂಧದ ಹಾರ, ಹೂವು, ಹಣ್ಣಿನ ಬುಟ್ಟಿ, ಕೆಲವು ಕಡೆ ಆರತಿಯೂ ಉಂಟು. ಷೋಡಶೋಪಚಾರದಲ್ಲಿ ದೇವರಿಗೆ ಸಲ್ಲುವ ಎಷ್ಟೋ ಉಪಚಾರ ಐದೇ ನಿಮಿಷದಲ್ಲಿ ಒಬ್ಬ ಮನುಷ್ಯನಿಗೆ ಸಂದುಬಿಡುತ್ತದೆ. ಹಾಗಾದರೆ ಆ ಕುರ್ಚಿಯಲ್ಲಿ ಕೂತವರಲ್ಲಿ ನಾವು ಪೂಜಿಸುವುದು ಏನನ್ನು? ಗೆದ್ದ ಕಪ್ಪನ್ನೇ? ಮೈಯ ಕಸುವನ್ನೇ? ಅಥವಾ ಅವರೊಳಗೆ ಹಾದುಹೋದ ಬೇರೇನನ್ನೋ?

ಸಂಪಾಜೆಯ ಸುತ್ತಿನ ಶಾಲೆಗಳಲ್ಲಿ ಪಿ.ಟಿ. ಟೀಚರಾಗಿ ದುಡಿದು ನಿವೃತ್ತಳಾದವಳು ನಾನು. ಈ ಪ್ರಶ್ನೆ ಈಗ ನನ್ನ ಮೇಜಿನ ಮೇಲೇ ಬಂದು ಕೂತಿದೆ. ಊರಿನ ಕೆಲವು ಕ್ರೀಡಾಭಿಮಾನಿಗಳು ಈ ಭಾಗದಲ್ಲಿ ಬಾಸ್ಕೆಟ್‌ಬಾಲ್ ಆಡಿದವರನ್ನು, ಆಡಿಸಿದವರನ್ನು, ಅದಕ್ಕೆ ನೆರವಾದವರನ್ನು ಒಂದೇ ವೇದಿಕೆಗೆ ಕರೆದು ಗೌರವಿಸಬೇಕು ಎಂದು ಹೊರಟಿದ್ದಾರೆ. "ಟೀಚರೇ, ಹೆಸರು ನೀವೇ ಬರೆದುಕೊಡಿ" ಎಂದು ಮೂರು ತಲೆಬರಹದ ಹಾಳೆ ಕೊಟ್ಟು ಹೋದರು: ಆಟಗಾರರು, ತರಬೇತುದಾರರು, ಕ್ರೀಡಾ ಪೋಷಕರು.

ಘಟ್ಟದ ಮೇಲಿನ ಕೊಡಗೆಂದರೆ ಹಾಕಿ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ಇಂದು ಲೋಕಕ್ಕೇ ಗೊತ್ತು. ಕೆಳಗೆ ಸುಳ್ಯದ ಕಡೆ ಹೋದರೆ ಕಬಡ್ಡಿ, ವಾಲಿಬಾಲ್. ನಡುವಿನ ನಮ್ಮ ಊರಿನಲ್ಲಿ ಬಾಸ್ಕೆಟ್‌ಬಾಲ್ ಹಟದಿಂದ ಬದುಕಿದ ಆಟ. ಜೂನ್‌ನಲ್ಲಿ ಮಳೆ ಹಿಡಿದರೆ ಸಿಮೆಂಟಿನ ಕೋರ್ಟಿಗೆ ಪಾಚಿ ಕಟ್ಟುತ್ತದೆ, ಹಲಗೆ ನೀರು ಕುಡಿದು ಉಬ್ಬುತ್ತದೆ, ರಿಂಗಿಗೆ ತುಕ್ಕು ಹಿಡಿಯುತ್ತದೆ. ಮಳೆ ಬಿಟ್ಟ ಮೇಲೆ ಪಾಚಿ ಉಜ್ಜುವುದರಿಂದಲೇ ಪ್ರತಿ ವರ್ಷದ ಅಭ್ಯಾಸ ಶುರು. ಹಾಗೆ ಉಜ್ಜಿದ ಹುಡುಗಿಯರು ಮುಂದೆ ಜಿಲ್ಲಾ ತಂಡಕ್ಕೆ ಹೋಗಿದ್ದಾರೆ. ಕರ್ನಾಟಕದ ನವನೀತಾ ಪಿ.ಯು., ಬಾಂಧವ್ಯ ಎಚ್.ಎಂ. ಭಾರತದ ಅಂಗಿ ತೊಟ್ಟು ಆಡುವುದನ್ನು ನೋಡಿ ಅವರ ಕಣ್ಣಲ್ಲಿ ಬಂದ ಬೆಳಕು ನನಗೆ ನೆನಪಿದೆ.

ಆಟಗಾರರ ಹೆಸರು ಬರೆಯುವುದು ಸುಲಭ, ಅದಕ್ಕೆ ಪ್ರಮಾಣಪತ್ರದ ಸಾಕ್ಷಿ ಇದೆ. ಪೆನ್ನು ನಿಂತದ್ದು ಮೂರನೆಯ ತಲೆಬರಹದ ಕೆಳಗೆ. ಕೋರ್ಟಿಗೆ ಮೊದಲ ರಿಂಗನ್ನು ಬೆಸುಗೆ ಹಾಕಿ ಕೊಟ್ಟ ಕಲ್ಲುಗುಂಡಿಯ ವರ್ಕ್‌ಶಾಪಿನವರು ಕೂಲಿ ತೆಗೆದುಕೊಳ್ಳಲಿಲ್ಲ. ರಬ್ಬರ್ ಟ್ಯಾಪಿಂಗ್ ಮುಗಿಸಿ ಬಂದು ಗೆರೆಗೆ ಸುಣ್ಣ ಬಳಿಯುತ್ತಿದ್ದವರೊಬ್ಬರಿದ್ದರು. ಅವರು ಒಂದು ದಿನವೂ ಚೆಂಡು ಮುಟ್ಟಿದ್ದನ್ನು ನಾನು ಕಂಡಿಲ್ಲ. ಮಡಿಕೇರಿಯಲ್ಲಿ ಪಂದ್ಯ ಮುಗಿಸಿ ಕತ್ತಲಲ್ಲಿ ಬರುವಾಗ ಕೊಯನಾಡಿನ ಹುಡುಗಿಯನ್ನು ಅವಳ ಮನೆಯ ದಾರಿಯ ಬಾಯಲ್ಲೇ ಇಳಿಸಿ, ಮನೆಯವರು ಟಾರ್ಚ್ ಹಿಡಿದು ಬರುವ ತನಕ ಬಸ್ ಹೊರಡಿಸದ ಕಂಡಕ್ಟರ್ ಒಬ್ಬರಿದ್ದರು. ಆ ಕಂಡಕ್ಟರ್ ಇಲ್ಲದಿದ್ದರೆ ಆ ಮನೆಯವರು ಮಗಳನ್ನು ಆಟಕ್ಕೇ ಕಳಿಸುತ್ತಿರಲಿಲ್ಲ. ಅವರನ್ನು ಪೋಷಕರು ಅನ್ನದೆ ಇನ್ನೇನು ಅನ್ನಲಿ?

ಈ ಆಟ ಹುಟ್ಟಿದ ಕಡೆಯಲ್ಲೂ ಇಂಥವರೊಬ್ಬರು ಸಿಗುತ್ತಾರೆ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡುವ ಆಟವೊಂದನ್ನು ಹುಡುಕುತ್ತಿದ್ದರು. ಎರಡು ಪೆಟ್ಟಿಗೆ ಬೇಕು ಎಂದು ಕಟ್ಟಡ ನೋಡಿಕೊಳ್ಳುತ್ತಿದ್ದ ಸ್ಟೆಬಿನ್ಸ್ ಅವರನ್ನು ಕೇಳಿದರು. ಪೆಟ್ಟಿಗೆ ಇರಲಿಲ್ಲ, ಪೀಚ್ ಹಣ್ಣಿನ ಬುಟ್ಟಿ ಇತ್ತು. ಆಟಕ್ಕೆ ಬುಟ್ಟಿಯ ಹೆಸರು ಬಂದದ್ದು ಹಾಗೆ. ತರಗತಿಯಲ್ಲಿ 18 ಜನ ಇದ್ದರು, ಆದ್ದರಿಂದ ಒಂದು ಕಡೆಗೆ ಒಂಬತ್ತು ಜನ. ಬುಟ್ಟಿಗೆ ತಳ ಇದ್ದುದರಿಂದ ಬಿದ್ದ ಚೆಂಡನ್ನು ಯಾರಾದರೂ ಹತ್ತಿ ತೆಗೆದುಕೊಡಬೇಕಿತ್ತು. ನೈಸ್ಮಿತ್ ಹೆಸರಿನ ಹಾಲ್ ಆಫ್ ಫೇಮ್ 1959ರಲ್ಲಿ ಮೊದಲ ಗೌರವ ಕೊಟ್ಟಾಗ ಆ ಮೊದಲ ತಂಡದ 18 ಜನರನ್ನು ಒಟ್ಟಾಗಿ ಸೇರಿಸಿಕೊಂಡಿತು. ನೈಸ್ಮಿತ್ ಅವರನ್ನು ಸೇರಿಸಿಕೊಂಡದ್ದು ಆಟಗಾರ ಎಂದೂ ಅಲ್ಲ, ತರಬೇತುದಾರ ಎಂದೂ ಅಲ್ಲ, ಆಟಕ್ಕೆ ಕೊಡುಗೆ ಕೊಟ್ಟವರು ಎಂದು. ಕ್ಯಾನ್ಸಸ್ ವಿಶ್ವವಿದ್ಯಾಲಯದ ತರಬೇತುದಾರರಾಗಿ ಅವರು ಗೆದ್ದದ್ದು 55 ಪಂದ್ಯ, ಸೋತದ್ದು 60. ಫಲದ ಲೆಕ್ಕ ಮಾತ್ರ ಹಿಡಿದರೆ ಈ ಆಟವನ್ನು ಕೊಟ್ಟ ಮನುಷ್ಯನಿಗೇ ಶಾಲು ಸಿಗುವುದಿಲ್ಲ.

ನೈಸ್ಮಿತ್ ದೇವತಾಶಾಸ್ತ್ರ ಓದಿದವರು. ಅವರು ಬರೆದ 13 ನಿಯಮಗಳಲ್ಲಿ ಮೂರನೆಯದನ್ನು ನಾನು ಮಕ್ಕಳಿಗೆ ಮೊದಲು ಹೇಳುತ್ತಿದ್ದೆ: ಚೆಂಡು ಕೈಗೆ ಬಂದವನು ಅದನ್ನು ಹಿಡಿದುಕೊಂಡು ಓಡುವಂತಿಲ್ಲ, ಸಿಕ್ಕ ಜಾಗದಿಂದಲೇ ಎಸೆಯಬೇಕು. ಪುಟಿಸಿಕೊಂಡು ಹೋಗುವ ಡ್ರಿಬಲ್ ಬಂದದ್ದು ಆಮೇಲೆ. 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಈ ಆಟಕ್ಕೆ ಪದಕ ಇಟ್ಟಾಗ ಫೈನಲ್ ನಡೆದದ್ದು ಬಯಲಲ್ಲಿ, ಮಳೆಯಲ್ಲಿ. ಕೆಸರಲ್ಲಿ ಚೆಂಡು ಪುಟಿಯಲೇ ಇಲ್ಲ. ಅಮೆರಿಕ ಕೆನಡಾವನ್ನು ಸೋಲಿಸಿದ್ದು 19–8ರಿಂದ. ಸಂಪಾಜೆಯ ಮಳೆ ಕಂಡವರಿಗೆ ಆ ಕೋರ್ಟು ಹೇಗಿತ್ತೆಂದು ಹೇಳಿಕೊಡಬೇಕಿಲ್ಲ. ಮಳೆಯಲ್ಲಿ ಆಡಿದರೆ ಉಳಿಯುವುದು ಪಾಸ್ ಒಂದೇ, ಆಟದ ಮೂಲ ನಿಯಮ.

ನಮ್ಮ ಹಿರಿಯರು ಮನುಷ್ಯ ಹುಟ್ಟುವಾಗಲೇ ಹೊತ್ತು ಬರುವ ಮೂರು ಋಣಗಳನ್ನು ಹೇಳಿದ್ದಾರೆ: ದೇವಋಣ, ಋಷಿಋಣ, ಪಿತೃಋಣ. ಋಷಿಋಣ ತೀರುವ ಬಗೆ ವಿಚಿತ್ರ. ಕೊಟ್ಟವರಿಗೆ ತಿರುಗಿ ಕೊಟ್ಟರೆ ಅದು ತೀರುವುದಿಲ್ಲ. ಕಲಿತದ್ದನ್ನು ಉಳಿಸಿ ಮುಂದಿನವರ ಕೈಗೆ ದಾಟಿಸಬೇಕು. ಸಮಿತಿಯಲ್ಲಿ ಗೀತೆ ಓದಿದವರೊಬ್ಬರು ನನ್ನನ್ನು ಕೇಳಿದರು: "ಫಲದ ಆಸೆ ಇಲ್ಲದೆ ಮಾಡಿದವರನ್ನು ವೇದಿಕೆಗೆ ಕರೆದು ಹಾರ ಹಾಕಿದರೆ ಅವರ ನಿಷ್ಕಾಮಕ್ಕೆ ನಾವೇ ಮೈಲಿಗೆ ಮಾಡಿದ ಹಾಗೆ ಆಗಲಿಕ್ಕಿಲ್ಲವಾ?" ಒಳ್ಳೆಯ ಪ್ರಶ್ನೆ, ರಾತ್ರಿಯೆಲ್ಲ ಯೋಚಿಸಿದೆ. ಫಲ ಬಯಸಬೇಡ ಎಂಬ ಮಾತು ಮಾಡುವವನಿಗೆ ಹೇಳಿದ್ದು. ಪಡೆದುಕೊಂಡವರು ಮರೆತರೂ ನಡೆದೀತು ಎಂಬ ಅಪ್ಪಣೆ ಅದರಲ್ಲಿ ಇಲ್ಲ. ಗೆರೆ ಎಳೆದವರಿಗೆ ಶಾಲು ಬೇಕಿಲ್ಲದೆ ಇರಬಹುದು. ಆ ಗೆರೆಯೊಳಗೆ ಆಡಿ ಕೆಲಸ ಹಿಡಿದ ನಮಗೆ ಅದನ್ನು ಹೊದಿಸುವುದು ಬೇಕು. ನಾವು ಸಾಲಗಾರರು ಎಂದು ಊರ ಮುಂದೆ ಒಪ್ಪಿಕೊಳ್ಳುವುದಕ್ಕೆ ಇನ್ನೊಂದು ದಾರಿ ನನಗೆ ಕಾಣುವುದಿಲ್ಲ.

ಇದು ಗೊತ್ತಿಲ್ಲದ ಊರೇನೂ ಅಲ್ಲ ನಮ್ಮದು. ಕೋಲದಲ್ಲಿ ದೈವ ನುಡಿ ಕೊಡುವಾಗ ಮನೆತನದ ಯಜಮಾನನನ್ನು ಕರೆದ ಹಾಗೆಯೇ ಚಾಕರಿಯವರನ್ನೂ ಕರೆಯುತ್ತದೆ. ದೀವಟಿಗೆ ಹಿಡಿದವರಿಗೆ, ವಾದ್ಯದವರಿಗೆ, ಮಡಿ ಹಾಸಿದವರಿಗೆ ಅವರವರ ಪಾಲು ಉಂಟು. ಒಬ್ಬರ ಕರೆ ತಪ್ಪಿದರೆ ಇಡೀ ಕೋಲಕ್ಕೆ ಕೊರತೆ ಎಂದು ಊರು ಭಾವಿಸುತ್ತದೆ. ಸಂಪಾಜೆ ಯಕ್ಷೋತ್ಸವದಲ್ಲಿ ಕಲಾವಿದರಿಗೆ ಸಲ್ಲುವ ಮರ್ಯಾದೆ ನೋಡಿ ಬೆಳೆದವರು ನಾವು. ಆಟದ ಬಯಲಿಗೆ ಬಂದಾಗ ಮಾತ್ರ ಕಪ್ ಎತ್ತಿದ ಕೈಯಷ್ಟೇ ಏಕೆ ಕಾಣಬೇಕು?

ಇನ್ನು ಎರಡನೆಯ ತಲೆಬರಹ. ನಮ್ಮ ರಾಜ್ಯ ಒಳ್ಳೆಯ ಕ್ರೀಡಾಪಟುಗಳಿಗೆ ಕೊಡುವುದು ಏಕಲವ್ಯ ಪ್ರಶಸ್ತಿ. ಕೇಂದ್ರ ಸರ್ಕಾರ 1985ರಿಂದ ತರಬೇತುದಾರರಿಗೆ ಕೊಡುತ್ತಿರುವುದು ದ್ರೋಣಾಚಾರ್ಯ ಪ್ರಶಸ್ತಿ. ಈ ಎರಡು ಹೆಸರನ್ನು ಒಟ್ಟಿಗೆ ಉಚ್ಚರಿಸುವಾಗೆಲ್ಲ ನನಗೆ ಬಲಗೈ ಹೆಬ್ಬೆರಳಿನ ಹತ್ತಿರ ಏನೋ ಚುಚ್ಚಿದಂತಾಗುತ್ತದೆ. ದ್ರೋಣ ಆ ಹುಡುಗನಿಗೆ ಒಂದು ಬಾಣವನ್ನೂ ಕಲಿಸಲಿಲ್ಲ. ಕಾಡಿನಲ್ಲಿ ಮಣ್ಣಿನ ಮೂರ್ತಿ ಮಾಡಿ ನಿಲ್ಲಿಸಿದ್ದು ಹುಡುಗನೇ, ಕಲಿತದ್ದೂ ಅವನೇ. ಕಲಿಸದ ವಿದ್ಯೆಗೆ ದಕ್ಷಿಣೆ ಕೇಳಿದ್ದು, ಅದೂ ಇನ್ನೊಬ್ಬ ಶಿಷ್ಯ ಮೊದಲಿಗನಾಗಿ ಉಳಿಯಲಿ ಎಂದು. ಏಕಲವ್ಯನಿಗೆ ಗುರುವಾದದ್ದು ಅವನ ಶ್ರದ್ಧೆ. ಆ ಶ್ರದ್ಧೆಯನ್ನು ನಾನು ಪೂಜಿಸಬಲ್ಲೆ, ಬೆರಳು ಕೇಳಿದ ಕೈಯನ್ನು ಆಗುವುದಿಲ್ಲ.

ಇದನ್ನು ಬರೆಯಲು ಕಾರಣ ಉಂಟು. ಸಮಿತಿಯ ಪಟ್ಟಿಯಲ್ಲಿ ಮೊದಲೇ ಟೈಪ್ ಆಗಿ ಬಂದ ಒಬ್ಬ ತರಬೇತುದಾರರ ಹೆಸರಿದೆ. ಅವರ ತಂಡ ಗೆದ್ದ ಕಪ್‌ಗಳು ನಿಜ. ಅವರ ಕೈಕೆಳಗೆ ಆಡಿದ ಹುಡುಗಿಯರು ಏಟಿನ ಬಾಸುಂಡೆ ಮುಚ್ಚಿಕೊಳ್ಳಲು ಉದ್ದ ಕಾಲ್ಚೀಲ ಎಳೆದುಕೊಳ್ಳುತ್ತಿದ್ದುದೂ ನಿಜ, ನಾನೇ ನೋಡಿದ್ದೇನೆ. ಊದಿದ ಮೊಣಕಾಲಲ್ಲಿ ಆಡಿಸಿ ಒಬ್ಬಳ ಆಟವೇ ಮುಗಿಯಿತು. "ಆ ಕಾಲದಲ್ಲಿ ಎಲ್ಲರೂ ಹಾಗೇ ಇದ್ದರು" ಎಂದು ಸಮಿತಿಯವರು ಹೇಳುತ್ತಾರೆ. ಎಲ್ಲರೂ ಹಾಗಿರಲಿಲ್ಲ. ಅದೇ ಕಾಲದಲ್ಲಿ ಸ್ವಂತ ಸಂಬಳದಿಂದ ಬೂಟು ತೆಗೆಸಿಕೊಟ್ಟ, ಜಿಲ್ಲಾ ಮಟ್ಟ ದಾಟಲಾಗದ ಮೇಷ್ಟ್ರೊಬ್ಬರಿದ್ದರು. ಅವರ ಶಿಷ್ಯೆಯರಲ್ಲಿ ಇಬ್ಬರು ಈಗ ಸಂಜೆ ಹೊತ್ತು ಅದೇ ಕೋರ್ಟಿನಲ್ಲಿ ಮಕ್ಕಳಿಗೆ ಕಲಿಸುತ್ತಿದ್ದಾರೆ. ನನ್ನ ಹಾಳೆಯಲ್ಲಿ ಎರಡನೆಯ ತಲೆಬರಹದ ಕೆಳಗೆ ಮೊದಲ ಹೆಸರು ಆ ಮೇಷ್ಟ್ರದ್ದು.

ಸಮಿತಿಗೆ ನಾನು ಬರೆದುಕೊಟ್ಟದ್ದು ಇಷ್ಟು. ಕರೆಯುವಾಗ ರಿಂಗ್ ಮಾಡಿಕೊಟ್ಟವರನ್ನೂ ಸುಣ್ಣ ಬಳಿದವರನ್ನೂ ಕಂಡಕ್ಟರನ್ನೂ ಮೊದಲು ಕರೆಯಬೇಕು, ಆಟಗಾರರನ್ನು ಕೊನೆಗೆ. ಶಾಲು ಹೊದಿಸುವುದು ಮುಖ್ಯ ಅತಿಥಿಗಳಲ್ಲ, ಅವರಿಂದ ಪಡೆದುಕೊಂಡ ಆಟಗಾರರೇ. ಹಣ್ಣಿನ ಬುಟ್ಟಿಯ ದುಡ್ಡಿನಲ್ಲಿ ಶಾಲೆಗೆ ಚೆಂಡು ಬರಲಿ. ಟೈಪ್ ಆದ ಆ ಹೆಸರನ್ನು ನಾನು ಹೊಡೆದುಹಾಕಿಲ್ಲ, ಪಕ್ಕದಲ್ಲಿ ಆಟ ಬಿಟ್ಟ ಮೂವರ ವಿಳಾಸ ಬರೆದಿದ್ದೇನೆ. ಮೂವರೂ ಈಗ ಬೇರೆ ಬೇರೆ ಊರಿನಲ್ಲಿ ಸಂಸಾರ ಮಾಡಿಕೊಂಡಿದ್ದಾರೆ. ಸಮಿತಿಯವರು ಅವರ ಮನೆಗಳಿಗೆ ಹೋಗಿ, ಕೂತು ಮಾತಾಡಿಸಿ ಬರಲಿ. ಆಮೇಲೆ ನಾನು ಸಭೆಗೆ ಬರುತ್ತೇನೆ ಎಂದು ಹೇಳಿದ್ದೇನೆ.